ತಿರುಳ್ಗನ್ನಡದ ತಿರುಕ

ಸರ್ವಜ್ಞನ ತ್ರಿಪದಿಗಳನ್ನು ಕಾಮಸಮುದ್ರದ ಶಾಲೆಯಲ್ಲಿಯೇ ಬಾಯಿಪಾಠ ಮಾಡಿದ್ದೆ. ಅವನ್ನು ಕೂಡಿಸಿಕೊಟ್ಟವರು ಒಬ್ಬ ಕ್ರೈಸ್ತ ಪಾದ್ರಿಗಳೆಂಬುದು ತಿಳಿದದ್ದು ಮಾತ್ರ ಕಾಲೇಜಿಗೆ ಬಂದ ಮೇಲೆ.

ರೆವರೆಂಡ್ ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಜನಿಸಿದರು. ಬಾಸೆಲ್ ಮಿಷನ್ನಿನ ಸಭಾಪಾಲಕರಾದರು. ಸುವಾರ್ತೆ ಸಾರಲು ಹಳ್ಳಿಗೆ ಹೋದವರು ಹಳ್ಳಿಗರ ಬಾಯಿಂದ ಸರ್ವಜ್ಞನನ್ನು ಕೇಳಿ ಬರೆದುಕೊಂಡು ಬಂದರು, ಓಲೆಗರಿಗಳನ್ನು ತಡಕಿದರು. ಹವ್ಯಾಸವೆನ್ನಿ, ಹುಚ್ಚೆನ್ನಿ! ಸುಮಾರು 2,000 ವಚನಗಳ ಸಂಗ್ರಹ 1924ರಲ್ಲಿ ಹೊರಬಂದಿತು. ಮುಂದೆ, ಅನುಭವ ಮಂಟಪವಿದ್ದುದೇ ಸುಳ್ಳೆಂಬ ವಾದವೆದ್ದಾಗ ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ಬರೆದವರೂ ಇವರೇ. ಶರಣರನ್ನು ಮೆಚ್ಚಲು ಅವರು ಕ್ರಿಸ್ತನನ್ನು ಬಿಡಬೇಕಾಗಲಿಲ್ಲ. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಈ ಪಾದ್ರಿಗಳನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ತಿರುಳ್ಗನ್ನಡದ ತಿರುಕನೆಂದೇ ಹೆಸರಾಗಿ 1962ರಲ್ಲಿ ಕಣ್ಮುಚ್ಚಿದರು.