ಬೆಳಕನ್ನು ಉಳಿಸಹೊರಟ ವಿಲಿಯಂ ವಿಲೆಟ್

ಗಡಿಯಾರದ ಮುಳ್ಳನ್ನು ತಿರುಗಿಸಿದರೆ ಸೂರ್ಯನು ಬೇಗ ಮೂಡುವನೇ? ಹೀಗೆ ಕೇಳಿದರೆ ಸಣ್ಣ ತರಗತಿಯ ಬಾಲಕನೂ ನಕ್ಕಾನು. ಆದರೂ ಯುರೋಪು, ಅಮೆರಿಕ ಮೊದಲಾದೆಡೆಗಳಲ್ಲಿ ಕೋಟ್ಯಂತರ ಜನರು ವಸಂತದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ಶರತ್ಕಾಲದಲ್ಲಿ ಒಂದು ಗಂಟೆ ಹಿಂದಕ್ಕೂ ತಿರುಗಿಸುತ್ತಾರೆ. ಈ ಪದ್ಧತಿ ಬೇಕೇ ಬೇಡವೇ ಎಂಬ ಚರ್ಚೆ ನೂರು ವರ್ಷ ಕಳೆದರೂ ಮುಗಿದಿಲ್ಲ. ಇದಕ್ಕಾಗಿ ತನ್ನ ಬಾಳಿನ ಕೊನೆಯ ವರ್ಷಗಳನ್ನೆಲ್ಲ ಸವೆಸಿದ ಇಂಗ್ಲೆಂಡಿನ ಒಬ್ಬ ಗೃಹಸ್ಥನ ಜೀವನವನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡಲು ನಾವು ಬಯಸುತ್ತೇವೆ.

ವಿಲಿಯಂ ವಿಲೆಟ್ 1856ರ ಆಗಸ್ಟ್ 10ರಂದು ಇಂಗ್ಲೆಂಡಿನ ಸರ್ರೆ ಪ್ರಾಂತದ ಫಾರ್ನ್‌ಹ್ಯಾಮ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಮನೆಗಳನ್ನು ಕಟ್ಟಿಸುವ ಉದ್ಯೋಗದವನು. ಮಗನೂ ವಿದ್ಯಾಭ್ಯಾಸ ಮುಗಿಸಿ ತಂದೆಯ ಕೆಲಸಕ್ಕೇ ಹೆಗಲು ಕೊಟ್ಟನು. ಲಂಡನ್ನಿನ ಚೆಲ್ಸಿಯಲ್ಲೂ ಕಡಲತೀರದ ಹೋವ್ ಪಟ್ಟಣದಲ್ಲೂ ತಂದೆ-ಮಕ್ಕಳು ಕಟ್ಟಿಸಿದ ಮನೆಗಳು ಅಚ್ಚುಕಟ್ಟಿಗೆ ಹೆಸರಾದವು. ಹೀಗೆ ಸಂಪತ್ತೂ ಗೌರವವೂ ಕೈಸೇರಿದ ಮೇಲೆ ಆತನು ಕೆಂಟ್ ಪ್ರಾಂತದ ಚಿಸಲ್‌ಹರ್ಸ್ಟಿನಲ್ಲಿ ನೆಲೆಸಿದನು.

ಮುಂಜಾನೆ ಎದ್ದು ಕುದುರೆ ಸವಾರಿ ಹೊರಡುವುದು ಆತನ ಅಭ್ಯಾಸ. ಬೇಸಿಗೆಯ ಒಂದು ಮುಂಜಾನೆ ಸಮೀಪದ ಪೆಟ್ಸ್‌ವುಡ್ ಎಂಬ ಕಾಡಿನ ದಾರಿಯಲ್ಲಿ ಸಾಗುತ್ತಿದ್ದಾಗ ಆತನ ಕಣ್ಣಿಗೆ ಒಂದು ನೋಟ ಬಿದ್ದಿತು. ಸೂರ್ಯನು ಮೇಲೇರಿದ್ದಾನೆ, ಹಕ್ಕಿಗಳು ಹಾಡುತ್ತಿವೆ. ಆದರೆ ಮನೆಗಳ ಕಿಟಕಿಯ ಪರದೆಗಳು ಇನ್ನೂ ಮುಚ್ಚಿಯೇ ಇವೆ! ಇಷ್ಟು ಬೆಳಕು ವ್ಯರ್ಥವಾಗುತ್ತಿದೆ, ಸಂಜೆ ಇದೇ ಜನ ದುಡ್ಡು ಕೊಟ್ಟು ದೀಪ ಉರಿಸುತ್ತಾರೆ ಎಂಬ ಚಿಂತೆ ಆತನನ್ನು ಹಿಡಿಯಿತು.

ಈ ಚಿಂತೆ ನಮಗೆ ವಿಚಿತ್ರವಾಗಿ ಕಾಣಬಹುದು. ಭೂಮಧ್ಯರೇಖೆಗೆ ಹತ್ತಿರವಿರುವ ನಮ್ಮ ಕಾಸರಗೋಡಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಲಂಡನ್ನಿನಲ್ಲಾದರೋ ಡಿಸೆಂಬರಿನ ಹಗಲು 8 ಗಂಟೆಗೂ ಕಡಮೆ, ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆಗೂ ಹೆಚ್ಚು. ಅಂದಿನ ಗಡಿಯಾರದಂತೆ ಜೂನಿನಲ್ಲಿ ಬೆಳಗಿನ ಜಾವ 4 ಗಂಟೆಗೆ ಮೊದಲೇ ಅಲ್ಲಿ ಸೂರ್ಯೋದಯವಾಗುತ್ತಿತ್ತು.

1907ರಲ್ಲಿ ವಿಲೆಟ್ ಹಗಲು ಬೆಳಕಿನ ಅಪವ್ಯಯವನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಅಚ್ಚು ಹಾಕಿಸಿದನು. ಏಪ್ರಿಲಿನ ನಾಲ್ಕು ಭಾನುವಾರಗಳಂದು ಗಡಿಯಾರವನ್ನು 20 ನಿಮಿಷಗಳಂತೆ ಒಟ್ಟು 80 ನಿಮಿಷ ಮುಂದಿಡಬೇಕು; ಸೆಪ್ಟೆಂಬರಿನಲ್ಲಿ ಅದೇ ಕ್ರಮದಲ್ಲಿ ಹಿಂದಿಡಬೇಕು. ಇದು ಆತನ ಸಲಹೆ. ಇದರಿಂದ ದೀಪದ ಖರ್ಚಿನಲ್ಲಿ ವರ್ಷಕ್ಕೆ 25 ಲಕ್ಷ ಪೌಂಡು ಉಳಿದೀತೆಂದೂ, ದುಡಿಯುವ ಜನರಿಗೆ ಸಂಜೆಯ ಬೆಳಕಿನಲ್ಲಿ ಆಟಕ್ಕೂ ತಿರುಗಾಟಕ್ಕೂ ಸಮಯ ಸಿಕ್ಕೀತೆಂದೂ ಆತ ಲೆಕ್ಕ ಹಾಕಿದನು. ಇಂಥದೇ ಸಲಹೆಯನ್ನು ನ್ಯೂಜಿಲೆಂಡಿನ ಕೀಟಶಾಸ್ತ್ರಜ್ಞ ಜಾರ್ಜ್ ಹಡ್ಸನ್ 1895ರಲ್ಲೇ ಮುಂದಿಟ್ಟಿದ್ದನು. ಆದರೆ ಹಟ ಹಿಡಿದು ಅದನ್ನು ಪಾರ್ಲಿಮೆಂಟಿನ ಬಾಗಿಲಿಗೆ ಒಯ್ದ ಕೀರ್ತಿ ವಿಲೆಟ್‌ಗೆ ಸಲ್ಲುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬೆಳಕು ಬೇಕಾದವರು ಬೇಗ ಏಳಬಾರದೇ? ಗಡಿಯಾರವನ್ನೇಕೆ ಮುಟ್ಟಬೇಕು? ಅಂದಿನ ವಿರೋಧಿಗಳೂ ಇದನ್ನೇ ಕೇಳಿದರು. ಆದರೆ ಒಬ್ಬನು ಬೇಗ ಎದ್ದ ಮಾತ್ರಕ್ಕೆ ರೈಲು ಬೇಗ ಹೊರಡದು, ಅಂಗಡಿ ಬೇಗ ತೆರೆಯದು, ಕಾರ್ಖಾನೆ ಬೇಗ ಬಿಡದು. ಊರೆಲ್ಲ ಒಟ್ಟಿಗೆ ಎದ್ದರೆ ಮಾತ್ರ ಪ್ರಯೋಜನ. ಆತನ ಯೋಜನೆಯ ತಿರುಳು ಇದೇ.

1908ರಲ್ಲಿ ರಾಬರ್ಟ್ ಪಿಯರ್ಸ್ ಎಂಬ ಸದಸ್ಯನು ಪಾರ್ಲಿಮೆಂಟಿನಲ್ಲಿ ಮಸೂದೆಯನ್ನು ಮಂಡಿಸಿದನು. ತರುಣ ವಿನ್‌ಸ್ಟನ್ ಚರ್ಚಿಲ್ ಬೆಂಬಲಕ್ಕೆ ನಿಂತನು. ಆದರೆ ರೈತರು ಒಪ್ಪಲಿಲ್ಲ. ಹಸು ಗಡಿಯಾರ ನೋಡಿ ಹಾಲು ಕೊಡುವುದಿಲ್ಲ. ಹುಲ್ಲಿನ ಮೇಲಿನ ಇಬ್ಬನಿ ಕಾನೂನಿಗೆ ಅಂಜಿ ಬೇಗ ಆರುವುದಿಲ್ಲ. ಅವರ ಅಡಚಣೆ ಸುಳ್ಳಾಗಿರಲಿಲ್ಲ. ನಗೆಯಾಡಿದವರೂ ಕಡಮೆಯಿರಲಿಲ್ಲ. ಮಸೂದೆ ಬಿದ್ದುಹೋಯಿತು. ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ತಂದ ಮಸೂದೆಗಳಿಗೂ ಅದೇ ಗತಿಯಾಯಿತು. ವಿಲೆಟ್ ಎದೆಗುಂದದೆ ಪ್ರಚಾರ ನಡೆಸುತ್ತಲೇ ಇದ್ದನು. 1915ರ ಮಾರ್ಚ್ 4ರಂದು ಇನ್‌ಫ್ಲುಯೆಂಜಾ ಜ್ವರದಿಂದ ತನ್ನ 58ನೆಯ ವಯಸ್ಸಿನಲ್ಲಿ ಆತ ತೀರಿಕೊಂಡನು. ಆಗ ಜಗತ್ತಿನ ಯಾವ ರಾಷ್ಟ್ರವೂ ಈ ಪದ್ಧತಿಯನ್ನು ದೇಶಾದ್ಯಂತ ಅಂಗೀಕರಿಸಿರಲಿಲ್ಲ.

ಆತ ಸತ್ತು ಒಂದು ವರ್ಷವೂ ಕೆಲವೇ ವಾರಗಳೂ ಕಳೆದಿದ್ದವು. ಮೊದಲನೆಯ ಮಹಾಯುದ್ಧ ನಡೆದಿತ್ತು. ಕಲ್ಲಿದ್ದಲನ್ನು ಉಳಿಸಲೆಂದು 1916ರ ಏಪ್ರಿಲ್ 30ರಂದು ಶತ್ರುದೇಶವಾದ ಜರ್ಮನಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತು! ಅದನ್ನು ಕಂಡು ಬ್ರಿಟನ್ ತಡಮಾಡದೆ ಕಾನೂನು ಮಾಡಿ ಮೇ 21ರಿಂದ ಆಚರಣೆಗೆ ತಂದಿತು. ಶಾಂತಿಕಾಲದಲ್ಲಿ ಒಬ್ಬ ಸಜ್ಜನನ ಮಾತಿಗೆ ಒಪ್ಪದ ಸಭೆ, ಯುದ್ಧದ ಒತ್ತಡಕ್ಕೆ ಮಣಿಯಿತು. 1925ರಲ್ಲಿ ಅದು ಶಾಶ್ವತ ಶಾಸನವಾಯಿತು. ಪೆಟ್ಸ್‌ವುಡ್ ಕಾಡನ್ನು ಜನರು ವಂತಿಗೆ ಎತ್ತಿ ಕೊಂಡು, ಆತನ ನೆನಪಿಗಾಗಿ ಅಲ್ಲಿ ಒಂದು ನೆರಳುಗಡಿಯಾರವನ್ನು 1927ರಲ್ಲಿ ಸ್ಥಾಪಿಸಿದರು. ಅದು ತೋರಿಸುವುದು ಬೇಸಿಗೆಯ ಹೊತ್ತನ್ನು ಮಾತ್ರ.

ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ. ವರ್ಷವಿಡೀ ಗಡಿಯಾರವನ್ನು ಮುಂದೆಯೇ ಇಟ್ಟರೆ ಹೇಗೆಂದು ಬ್ರಿಟನ್ 1968ರಿಂದ 1971ರ ವರೆಗೆ ಪರೀಕ್ಷಿಸಿ ನೋಡಿತು. ಸಂಜೆಯ ರಸ್ತೆ ಅಪಘಾತಗಳು ಗಣನೀಯವಾಗಿ ತಗ್ಗಿದವು. ಆದರೆ ಉತ್ತರದ ಸ್ಕಾಟ್ಲೆಂಡಿನಲ್ಲಿ ಚಳಿಗಾಲದಲ್ಲಿ ಗಂಟೆ 9 ದಾಟಿದರೂ ಬೆಳಕು ಹರಿಯದು. ಮಕ್ಕಳು ಕತ್ತಲಲ್ಲೇ ಶಾಲೆಗೆ ನಡೆಯಬೇಕಾಯಿತು. ತಾಯ್ತಂದೆಯರ ಅಳಲು ಪಾರ್ಲಿಮೆಂಟನ್ನು ತಟ್ಟಿತು. 81ಕ್ಕೆ ಎದುರಾಗಿ 366 ಮತಗಳಿಂದ ಆ ಪ್ರಯೋಗವನ್ನು ಕೈಬಿಡಲಾಯಿತು. ವರ್ಷಕ್ಕೆರಡು ಸಲದ ಬದಲಾವಣೆ ನಿದ್ರೆಯನ್ನು ಕೆಡಿಸುತ್ತದೆಂಬ ದೂರಿನಿಂದ 2019ರಲ್ಲಿ ಯುರೋಪಿಯನ್ ಪಾರ್ಲಿಮೆಂಟು ಅದನ್ನು ನಿಲ್ಲಿಸುವ ಪರವಾಗಿ ಮತ ನೀಡಿತು. ಸದಸ್ಯ ರಾಷ್ಟ್ರಗಳಲ್ಲಿ ಒಮ್ಮತ ಮೂಡದೆ ಅದು ನಿಗದಿಯಾದ 2021ರಲ್ಲಿ ಜಾರಿಗೆ ಬರಲಿಲ್ಲ. ವಿಲೆಟ್ ಇಪ್ಪತ್ತಿಪ್ಪತ್ತು ನಿಮಿಷದ ಮೆಲುಹೆಜ್ಜೆಯನ್ನು ಸೂಚಿಸಿದ್ದನು. ಒಂದೇ ಜಿಗಿತದ ಗಂಟೆ ಆತನದಲ್ಲ ಎಂಬುದನ್ನು ನಾವು ಮರೆಯಬಾರದು.

ನಮ್ಮ ದೇಶದಲ್ಲೂ ಎರಡನೆಯ ಮಹಾಯುದ್ಧದ ಸಮಯದಲ್ಲಿ, 1942ರಿಂದ 1945ರ ವರೆಗೆ, ಗಡಿಯಾರಗಳು ಒಂದು ಗಂಟೆ ಮುಂದಿದ್ದವು. ಯುದ್ಧ ಮುಗಿದ ಮೇಲೆ ಆ ಪದ್ಧತಿ ಹೋಯಿತು. ಈಗ ನಮ್ಮ ಗಡಿಯಾರಗಳು ನಡೆಯುವುದು 82½ ಡಿಗ್ರಿ ರೇಖಾಂಶದ ಹೊತ್ತಿಗೆ. ಕಾಸರಗೋಡು 75 ಡಿಗ್ರಿಯಲ್ಲಿದೆ. ಆದ್ದರಿಂದ ಗಡಿಯಾರ ಹನ್ನೆರಡು ಬಾರಿಸಿದಾಗ ಸೂರ್ಯನು ನೆತ್ತಿಯ ಸಾಲಿಗೆ ಬರಲು ನಮ್ಮಲ್ಲಿ ಇನ್ನೂ ಸುಮಾರು ಅರ್ಧ ಗಂಟೆ ಬೇಕು. ಅಂಗಳದಲ್ಲಿ ಕೋಲು ನೆಟ್ಟು ನೆರಳನ್ನು ಅಳೆದರೆ ಮಕ್ಕಳು ಇದನ್ನು ತಾವೇ ಕಾಣಬಹುದು.

ಹಾಗಾದರೆ ಗಡಿಯಾರ ಬದಲಿಸುವುದು ಸರಿಯೇ, ತಪ್ಪೇ? ಗಡಿಯಾರ ಮನುಷ್ಯರು ಮಾಡಿಕೊಂಡ ಒಪ್ಪಂದ; ಒಪ್ಪಂದವನ್ನು ತಿದ್ದುವ ಹಕ್ಕು ಅವರಿಗಿದೆ. ಆದರೆ ಒಬ್ಬರ ಸಂಜೆಯ ಬೆಳಕು ಇನ್ನೊಬ್ಬರ ಮುಂಜಾನೆಯ ಕತ್ತಲಾಗುವುದಾದರೆ, ಕತ್ತಲಲ್ಲಿ ನಡೆಯುವ ಮಗುವನ್ನು ಮೊದಲು ನೆನೆದು ತಿದ್ದಬೇಕೆಂಬುದು ನಮ್ಮ ಅಭಿಪ್ರಾಯ. ಇನ್ನು ನಮಗೆ? ಯಾವ ಮುಳ್ಳನ್ನೂ ತಿರುಗಿಸುವ ಅಗತ್ಯವಿಲ್ಲದ ನಾಡಿನಲ್ಲಿ ನಾವು ಹುಟ್ಟಿದ್ದೇವೆ. ವಿಲೆಟ್ ಬಾಳೆಲ್ಲ ಬೇಡಿದ ಮುಂಜಾನೆಯ ಬೆಳಕು ನಮ್ಮ ಅಂಗಳಕ್ಕೆ ದಿನವೂ ಬೇಡದೆಯೇ ಬರುತ್ತದೆ. ಅದು ಬಂದಾಗ ನಾವು ಎದ್ದಿರಬೇಕು, ಅಷ್ಟೇ.