ಧೋಂಡಿಯ ವಾಘ್

ಹೊನ್ನಾಳಿಯಿಂದ ನ್ಯಾಮತಿಯ ಮಾರ್ಗವಾಗಿ ಶಿಕಾರಿಪುರದತ್ತ ಸಾಗುವ ದಾರಿಯಲ್ಲಿ ಇಂದು ಹಸಿರು ಹೊಲಗಳು ಕಣ್ಣಿಗೆ ತಂಪನ್ನೀಯುತ್ತವೆ. ಎರಡು ಶತಮಾನಗಳ ಹಿಂದೆ ಈ ಸೀಮೆ ರಣಭೂಮಿಯಾಗಿತ್ತು. ಅಲ್ಲಿ ಆಂಗ್ಲರನ್ನು ಎದುರಿಸಿ ನಿಂತವನು ಧೋಂಡಿಯ ವಾಘ್.

ಧೋಂಡಿಯ ಹುಟ್ಟಿದ್ದು ಚನ್ನಗಿರಿಯ ಮರಾಠಾ ಮನೆತನವೊಂದರಲ್ಲಿ. ವಾಘ್ ಎಂದರೆ ಹುಲಿ. ಹೈದರಾಲಿಯ ಸೈನ್ಯದಲ್ಲಿ ಸಾಮಾನ್ಯ ರಾವುತನಾಗಿ ಸೇರಿದ ಅವನು ಸಾಹಸದಿಂದ ಮೇಲೇರಿದನು. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಟಿಪ್ಪುವನ್ನು ತೊರೆದು, ಧಾರವಾಡದ ಕಡೆ ಸ್ವಂತ ದಂಡು ಕಟ್ಟಿ ಸುಲಿಗೆಗೂ ಇಳಿದನು. ಮರಾಠರ ಒತ್ತಡ ಹೆಚ್ಚಲು 1794ರಲ್ಲಿ ಮರಳಿ ಟಿಪ್ಪುವಿನ ಆಶ್ರಯಕ್ಕೆ ಬಂದನು. ಆದರೆ ಅವನಿಗೆ ಅಲ್ಲಿ ಕಾದಿದ್ದುದು ಶ್ರೀರಂಗಪಟ್ಟಣದ ಸೆರೆಮನೆ.

1799ರ ಮೇ 4ರಂದು ಟಿಪ್ಪು ಮಡಿದನು. ಕೋಟೆ ಆಂಗ್ಲರ ವಶವಾಯಿತು. ಸೆರೆಯಿಂದ ಹೊರಬಂದ ಧೋಂಡಿಯ ಸುಮ್ಮನೆ ಕೂರಲಿಲ್ಲ. ಒಡೆಯನನ್ನೂ ಅನ್ನವನ್ನೂ ಒಟ್ಟಿಗೆ ಕಳೆದುಕೊಂಡ ಮೈಸೂರಿನ ಸೈನಿಕರು ಅವನನ್ನು ಸೇರಿಕೊಂಡರು. ಶಿವಮೊಗ್ಗ, ಹೊನ್ನಾಳಿ, ಶಿಕಾರಿಪುರಗಳ ಕೋಟೆಗಳು ಅವನ ಕೈಸೇರಿದವು. ಕಂಪನಿಯ ಪಡೆಗಳು ಆಗಸ್ಟ್ ತಿಂಗಳಲ್ಲಿ ಅವುಗಳನ್ನು ಒಂದೊಂದಾಗಿ ಕಿತ್ತುಕೊಂಡಾಗ ಅವನು ಉತ್ತರಕ್ಕೆ, ಮರಾಠರ ಸೀಮೆಗೆ ಸರಿದನು.

ಸೋಲು ಅವನನ್ನು ಕುಗ್ಗಿಸಲಿಲ್ಲ. ಮತ್ತೆ ದಂಡು ಕೂಡಿಸಿ ಉಭಯಲೋಕಾಧೀಶ್ವರನೆಂಬ ಬಿರುದನ್ನು ಧರಿಸಿದನು. 1800ರ ಜೂನ್‌ನಲ್ಲಿ ಕಿತ್ತೂರಿನ ಬಳಿ ಮರಾಠಾ ಸೇನಾನಿ ಧೋಂಡೋಪಂತ ಗೋಖಲೆ ಅವನ ಪಡೆಯೆದುರು ಮಡಿದನು. ಆಂಗ್ಲ ಸೇನಾನಿ ಆರ್ಥರ್ ವೆಲ್ಲೆಸ್ಲಿ ಬೆನ್ನಟ್ಟಿದನು. ತಿಂಗಳುಗಟ್ಟಲೆ ನದಿಯಿಂದ ನದಿಗೆ ಓಡಿದ ಧೋಂಡಿಯನನ್ನು ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್‌ನಲ್ಲಿ ಸಂಧಿಸಿದನು. ಸುಮಾರು 5000 ಕುದುರೆ ಸವಾರರೊಡನೆ ಧೋಂಡಿಯ ಎದುರು ನಿಂತನು. ವೆಲ್ಲೆಸ್ಲಿಯ ನಾಲ್ಕು ಅಶ್ವದಳಗಳು ಒಮ್ಮೆಲೇ ಮೇಲೆರಗಿದವು. ಆ ಕಾಳಗದಲ್ಲಿ ಧೋಂಡಿಯ ವೀರಮರಣವನ್ನಪ್ಪಿದನು.

ರಣರಂಗದಲ್ಲಿ ದೊರೆತ ಅವನ ಪುಟ್ಟ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿ ಕರೆದೊಯ್ದು ಸಲಹಿದನು. ಅವನ ಪೋಷಣೆಗೆಂದು ಹಣವನ್ನೂ ಇರಿಸಿದನು. ಇದೇ ವೆಲ್ಲೆಸ್ಲಿಯೇ ಮುಂದೆ 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ನನು.

ಆಂಗ್ಲರು ಧೋಂಡಿಯನನ್ನು ದರೋಡೆಕಾರನೆಂದು ಬರೆದರು. ಅವನ ದಂಡಿನಿಂದ ಹಳ್ಳಿಗಳು ನೊಂದದ್ದೂ ನಿಜವೇ. ಆದರೆ ದೊಡ್ಡ ದೊಡ್ಡ ಅರಸರೇ ಕಂಪನಿಯೊಡನೆ ಕೈಗೂಡಿಸಿದ್ದ ಕಾಲದಲ್ಲಿ, ರಾಜ್ಯವಿಲ್ಲದ ಒಬ್ಬ ರಾವುತ ತಲೆಬಾಗದೆ ಮಡಿದನೆಂಬುದೂ ಅಷ್ಟೇ ನಿಜ. ದೋಷವನ್ನು ಮರೆಮಾಚದೆ, ಗುಣವನ್ನು ಮರೆಯದೆ ಅವನನ್ನು ನೆನೆಯುವುದೇ ಇತಿಹಾಸಕ್ಕೆ ನಾವು ಸಲ್ಲಿಸುವ ನ್ಯಾಯ.