ಮರೆತುಬಿಡೆನ್ನದ ವೈದ್ಯರು

ಹಲವು ವರ್ಷಗಳ ಹಿಂದೆ ನನ್ನ ತಮ್ಮನು ಬಸ್ಸಿನ ಅಪಘಾತವೊಂದರಿಂದ ಪಾರಾಗಿ ಬಂದನು. ಪಕ್ಕದಲ್ಲಿ ಕುಳಿತಿದ್ದ ಅವನ ಗೆಳೆಯನು ಬರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಕೂಡದೆಂದು ಹಿರಿಯರು ಕಟ್ಟಪ್ಪಣೆ ಮಾಡಿದರು. ಎಲ್ಲವನ್ನೂ ಮರೆತುಬಿಡೆಂದು ನಾನೂ ಬುದ್ಧಿ ಹೇಳಿದೆ. ಹಗಲು ಮರೆತಂತಿದ್ದವನು ಇರುಳು ಚೀರಿಕೊಂಡು ಏಳುತ್ತಿದ್ದನು. ನಮ್ಮ ಕರುಣೆಯೇ ಅವನ ಬಾಯಿ ಕಟ್ಟಿತ್ತೆಂಬುದು, ಬಹುಕಾಲದ ಮೇಲೆ ಡಾ. ವಿಲಿಯಂ ರಿವರ್ಸರ ಜೀವನವನ್ನು ಓದಿದಾಗ ನನಗೆ ಹೊಳೆಯಿತು.

ರಿವರ್ಸರು ಹುಟ್ಟಿದುದು 1864ರಲ್ಲಿ, ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ. ಪಾದ್ರಿಯಾಗಿದ್ದ ತಂದೆ ಪರರ ತೊದಲನ್ನು ತಿದ್ದುತ್ತಿದ್ದರು. ಮಗನ ತೊದಲು ಮಾತ್ರ ಕಡೆಯವರೆಗೂ ಉಳಿಯಿತು. ವೈದ್ಯವಿದ್ಯೆಯನ್ನು ಕಲಿತ ರಿವರ್ಸರು ಕೇಂಬ್ರಿಜ್‌ನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸಿದರು. ನಮ್ಮ ನೆರೆಯ ನೀಲಗಿರಿಗೂ ಬಂದು, ತೋಡರ ಆಚಾರ, ಕುಲ, ಬಾಂಧವ್ಯಗಳನ್ನು ಅವರಿಂದಲೇ ಕೇಳಿ ತಿಳಿದು, 1906ರಲ್ಲಿ ದೊಡ್ಡ ಗ್ರಂಥವನ್ನು ಹೊರತಂದರು. ತಾಳ್ಮೆಯಿಂದ ಕೇಳುವ ಈ ಗುಣವೇ ಮುಂದೆ ಅವರ ಔಷಧವಾಯಿತು.

1916ರಲ್ಲಿ ಅವರು ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಸೇನಾ ಆಸ್ಪತ್ರೆಯನ್ನು ಸೇರಿದರು. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಮನಸ್ಸು ಮುರಿದ ಸೇನಾಧಿಕಾರಿಗಳು ಅಲ್ಲಿದ್ದರು. ಕಂಡುದನ್ನು ನೆನೆಯಬೇಡಿರೆಂಬುದೇ ಅವರಿಗೆ ದೊರೆಯುತ್ತಿದ್ದ ಉಪದೇಶ. ಅದುಮಿದ ನೆನಪು ಇರುಳಿನಲ್ಲಿ ಇಮ್ಮಡಿ ಬಲದಿಂದ ಏಳುವುದನ್ನು ರಿವರ್ಸರು ಕಂಡರು. ಸ್ನೇಹಿತನ ಛಿದ್ರದೇಹವನ್ನು ಕನಸಿನಲ್ಲಿ ಕಂಡು ನಡುಗುತ್ತಿದ್ದ ಒಬ್ಬನಿಗೆ, ಸಾವು ಕ್ಷಣಮಾತ್ರದಲ್ಲಿ, ನರಳಿಕೆಯಿಲ್ಲದೆ ಬಂದಿತೆಂಬುದಕ್ಕೆ ಆ ದೇಹದ ಸ್ಥಿತಿಯೇ ಸಾಕ್ಷಿಯೆಂದು ತಿಳಿಯಹೇಳಿದರು. ಕೆಲವು ರಾತ್ರಿಗಳ ಮೇಲೆ ಕನಸು ಮರಳಿತು. ಆದರೆ ಈ ಬಾರಿ ಆತನು ಗೆಳೆಯನ ಬಳಿ ಮೊಣಕಾಲೂರಿ, ಮನೆಯವರಿಗಾಗಿ ಅವನ ವಸ್ತುಗಳನ್ನು ತೆಗೆದುಕೊಳ್ಳುತ್ತಿದ್ದನು. ಎಚ್ಚರಾದಾಗ ಭಯವಿರಲಿಲ್ಲ, ಕಣ್ಣೀರಿತ್ತು. ಎಲ್ಲರಿಗೂ ಇಂಥ ಸಮಾಧಾನ ದೊರೆಯಲಿಲ್ಲ. ಮತ್ತೊಬ್ಬನ ನೆನಪಿನಲ್ಲಿ ಸಹಿಸಬಹುದಾದ ಅಂಶವೊಂದೂ ಸಿಗಲಿಲ್ಲವೆಂಬುದನ್ನು ರಿವರ್ಸರು ಮರೆಮಾಚದೆ ಬರೆದರು.

ಯುದ್ಧವನ್ನು ಬಹಿರಂಗವಾಗಿ ಖಂಡಿಸಿದ್ದ ಕವಿ ಸೀಗ್‌ಫ್ರಿಡ್ ಸಸೂನನು 1917ರಲ್ಲಿ ಅವರ ಬಳಿಗೆ ಬಂದನು. ಕೊನೆಗೆ ರಣರಂಗಕ್ಕೇ ಮರಳಿದನು. ಗುಣಪಡಿಸುವುದೆಂದರೆ ಮತ್ತೆ ಸಾವಿನ ಬಾಯಿಗೆ ಕಳುಹಿಸುವುದೆ? ಈ ದ್ವಂದ್ವ ವೈದ್ಯರ ಸ್ವಂತ ಕನಸುಗಳನ್ನೂ ಹೊಕ್ಕಿತು. 1922ರ ಜೂನ್ 4ರಂದು, ತಮ್ಮ 58ನೆಯ ವಯಸ್ಸಿನಲ್ಲಿ, ಅವರು ಹಠಾತ್ತನೆ ತೀರಿಕೊಂಡರು.

1987ರಲ್ಲಿ ಅಮೆರಿಕದ ಫ್ರಾನ್ಸಿನ್ ಶಪೀರೊ ಎಂಬ ವಿದುಷಿ ಇನ್ನೊಂದು ಹಾದಿಯನ್ನು ಕಂಡರು. ರೋಗಿಯು ಆಘಾತದ ನೆನಪನ್ನು ಮನಸ್ಸಿನಲ್ಲಿ ಹಿಡಿದು, ಚಿಕಿತ್ಸಕರ ಬೆರಳು ಅತ್ತಿತ್ತ ಸರಿದಂತೆ ಕಣ್ಣು ಚಲಿಸುತ್ತಾನೆ. ಮನಸ್ಸು ಎರಡು ಕೆಲಸಗಳನ್ನು ಒಮ್ಮೆಗೇ ಹೊತ್ತಾಗ ನೆನಪಿನ ಮೊನೆ ಮೊಂಡಾಗುತ್ತದೆಂಬುದು ಒಂದು ವಿವರಣೆ. ಕಣ್ಣಿನ ಚಲನೆಯ ಪಾಲೆಷ್ಟೆಂಬ ಚರ್ಚೆ ಇನ್ನೂ ಮುಗಿದಿಲ್ಲ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ರಿವರ್ಸರು ಈ ವಿಧಾನವನ್ನು ಅರಿತವರಲ್ಲ. ಆದರೆ ನೆನಪನ್ನು ಅಟ್ಟದೆ, ನಂಬಿಕೆಯ ಒಬ್ಬರ ಎದುರಿನಲ್ಲಿ ಅದನ್ನು ನೋಡಬೇಕೆಂಬ ತತ್ತ್ವ ಎರಡಕ್ಕೂ ಸಮಾನ.

ಪುಸ್ತಕ ಮುಗಿದ ಸಂಜೆ ನಾನು ತಮ್ಮನ ಮನೆಗೆ ಹೋದೆನು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವನ ಗೆಳೆಯನ ಹೆಸರನ್ನೆತ್ತಿ, ಸುಮ್ಮನೆ ಕೇಳುತ್ತ ಕುಳಿತೆನು.